ಬೋರ್ ನೀರು, ನಮ್ಮ ಕಡಿ ಬಿಸಿಲು, ಎರಡು ಅಡಿ ಟ್ಯಾಂಕು: ಮೀನು ಯಾಕ ಉಳೀವಲ್ಲವು?

ಪ್ರಶ್ನೆ: ನಮಸ್ಕಾರ ಸರ್, ನಾವು ಸಿಂಧನೂರಿನವ್ರು. ಸಂಕ್ರಾಂತಿ ಟೈಮಿಗೆ ಮಕ್ಕಳ ಸಲುವಾಗಿ ಎರಡು ಅಡಿ ಅಕ್ವೇರಿಯಂ ತಂದ್ವಿ. 2 ಗೋಲ್ಡ್ ಫಿಶ್, 6 ನಿಯಾನ್ ಟೆಟ್ರಾ, 1 ಏಂಜೆಲ್, 1 ಸಕ್ಕರ್ ಬಿಟ್ಟೀವಿ, ಪ್ಲಾಸ್ಟಿಕ್ ಬ್ಯಾಡ ಅಂತ ಖರೇ ಗಿಡಾನೇ ನೆಟ್ಟೀವಿ. ಪ್ರತಿ ಭಾನುವಾರ ಪೂರ್ತಿ ನೀರು ತೆಗೆದು, ಕಲ್ಲು, ಫಿಲ್ಟರ್ ಎಲ್ಲಾ ನಳದ ಕೆಳಗ ತಿಕ್ಕಿ ತೊಳೆದು ಬೋರ್ ನೀರು ತುಂಬ್ತೀನಿ. ಆದ್ರೂ ಸೋಮವಾರ, ಮಂಗಳವಾರ ಬಂತಂದ್ರ ಒಂದು ಸತ್ತು ತೇಲ್ತಿರ್ತದ. ನಿಯಾನ್ ಎಲ್ಲಾ ಹೋದ್ವು. ಗಿಡ ಕೊಳೆತು ನಾರ್ತಾವ. ಅಂಗಡಿಯವ್ರು ನೀಲಿ ಔಷಧ ಹಾಕ್ರಿ ಅಂತಾರ. ಬ್ಯಾಸಗಿ ಬ್ಯಾರೆ ಬಂತು. ಎಲ್ಲಿ ತಪ್ಪಕತ್ತದ ಹೇಳ್ರಿ.

ಉತ್ತರ: ಅಕ್ಕಾರ, ಟ್ಯಾಂಕು ಹೊಲಸು ಇಟ್ಟಿದ್ದಕ್ಕ ನಿಮ್ಮ ಮೀನು ಸಾಯಕತ್ತಿಲ್ಲ, ಅತೀ ಸ್ವಚ್ಛ ಇಟ್ಟಿದ್ದಕ್ಕ ಸಾಯಕತ್ತಾವ. ಸತ್ತಿದ್ದು ಯಾವಾಗಂದ್ರ ಸೋಮವಾರ ಮಂಗಳವಾರ ಅಂತ ನೀವೇ ಬರದೀರಿ ನೋಡ್ರಿ, ಅಲ್ಲೇ ಉತ್ತರ ಅದ. ಭಾನುವಾರದ ತೊಳೆಯೋ ಕಾರ್ಯಕ್ರಮ ಮೊದಲು ಬಂದ್ ಮಾಡ್ರಿ, ಉಳಿದಿದ್ದು ಆಮ್ಯಾಲೆ.

ಯಾಕ ಅಂತ ಹೇಳ್ತೀನಿ, ಇದೊಂದು ತಿಳಿದ್ರ ಅರ್ಧ ಕೆಲಸ ಮುಗೀತು. ಮೀನು ಕಿವಿರಿನಿಂದಾನೂ ಅಮೋನಿಯಾ ಬಿಡ್ತದ, ಅದರ ಹೊಲಸು, ತಿನ್ನದೇ ಉಳಿದ ಫುಡ್ಡು, ಕೊಳೆತ ಎಲಿ ಇವೂ ಕಡೀಕ ಅಮೋನಿಯಾನೇ ಆಗ್ತಾವ, ಅದು ಮೀನಿಗೆ ವಿಷ. ಹೊಳಿ ಕೆರಿಯೊಳಗ ಇದನ್ನ ಬ್ಯಾಕ್ಟೀರಿಯಾ ನೋಡ್ಕೊಂತಾವ, ಒಂದು ಜಾತಿ ಅಮೋನಿಯಾನ ನೈಟ್ರೈಟ್ ಮಾಡ್ತದ (ಅದೂ ವಿಷಾನೇ), ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡ್ತದ, ನೈಟ್ರೇಟ್ ಅಷ್ಟು ತ್ರಾಸ್ ಕೊಡಂಗಿಲ್ಲ, ಅದನ್ನ ಗಿಡ ತಿಂತಾವ. ಈ ಬ್ಯಾಕ್ಟೀರಿಯಾ ನೀರಿನ್ಯಾಗ ತೇಲ್ಕೊಂತ ಇರೋದು ಕಡಿಮಿ, ಫಿಲ್ಟರ್ ಸ್ಪಾಂಜು, ಮರಳು, ಕಲ್ಲು ಇವಕ್ಕ ಅಂಟ್ಕೊಂಡು ಬೆಳೀತಾವ, ಹೊಸ ಟ್ಯಾಂಕಿನ್ಯಾಗ ಸಾಕಷ್ಟು ಆಗ್ಬೇಕಂದ್ರ 4ರಿಂದ 6 ವಾರ ಹಿಡೀತದ. ನೀವು ವಾರಕ್ಕೊಮ್ಮೆ ನಳದ ಕೆಳಗ ಹಿಡಿದು ಬ್ಲೀಚಿಂಗ್ ಪೌಡರ್ ಬೆರೆತ ನಳದ ನೀರಿನ್ಯಾಗ ಅವನ್ನ ತೊಳೆದು ಚೆಲ್ಲೀರಿ. ಟ್ಯಾಂಕು ಸಂಕ್ರಾಂತಿಗೆ ತಂದಿದ್ದು ಖರೆ, ಆದ್ರ ಒಳಗ ಅದಕ್ಕ ಯಾವಾಗ್ಲೂ ಒಂದೇ ವಾರದ ವಯಸ್ಸು.

ಇನ್ನ ನಮ್ಮ ಜಿಲ್ಲಾದ ಪೇಚಾಟ ಒಂದು ಬ್ಯಾರೇನೇ ಅದ. ಅಮೋನಿಯಾ ಎಲ್ಲಾ ನೀರಿನ್ಯಾಗ ಒಂದೇ ಸಮ ವಿಷ ಅಲ್ಲ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) 7 ಇದ್ದು 25 ಡಿಗ್ರಿ ಇದ್ರ ಒಟ್ಟು ಅಮೋನಿಯಾದಾಗ ವಿಷದ ರೂಪ ನೂರಕ್ಕ ಒಂದು ಭಾಗಾನೂ ಇರಂಗಿಲ್ಲ. ಅದೇ ಪಿಎಚ್ 8 ಆದ್ರ ನೂರಕ್ಕ 5ರ ಮ್ಯಾಲ ಹೋಗ್ತದ, 8ರ ಜೋಡಿ ನೀರು 30 ಡಿಗ್ರಿ ಆದ್ರ 7 ದಾಟ್ತದ. ನಮ್ಮ ಕಡಿ ಬೋರ್ ನೀರು ಬಹಳ ಕಡೆ ಗಡಸು (ಸುಣ್ಣದಂಶ ಜಾಸ್ತಿ), ಪಿಎಚ್ ಮ್ಯಾಲೇ ಇರ್ತದ, ಬಿಸಿಲಂತೂ ಹೇಳೋದೇ ಬ್ಯಾಡ. ಬೆಂಗಳೂರಾಗ ಕಾವೇರಿ ನೀರಿನ್ಯಾಗ ಮೀನು ಸಾಕಿ ವಿಡಿಯೋ ಮಾಡೋರ ಮಾತು ಇಲ್ಲಿ ಪೂರ್ತಿ ನಡ್ಯಂಗಿಲ್ಲ ಅನ್ನೋದು ಇದಕ್ಕ, ಅವ್ರಿಗೆ ನಡಿಯೋ ಸಣ್ಣ ತಪ್ಪು ನಮಗ ಮೀನಿನ ಜೀವ ತಗೋತದ.

ಹಂಗಾರ ಈಗ ಏನು ಮಾಡೋದು. ಟ್ಯಾಂಕು ಬಿಚ್ಚಬ್ಯಾಡ್ರಿ, ಹೊಸದಾಗಿ ಶುರು ಮಾಡೋ ವಿಚಾರಾನೂ ಬ್ಯಾಡ. 24 ಇಂಚು ಉದ್ದ, 12 ಅಗಲ, 12 ಎತ್ತರ ಅಂದ್ರ ಗುಣಿಸಿ 61ರಿಂದ ಭಾಗಿಸ್ರಿ, 56 ಲೀಟರ್ ಚಿಲ್ಲರೆ ಬರ್ತದ, ಮರಳು ಕಲ್ಲು ತೆಗೆದ್ರ ಖರೇ ನೀರು ಸುಮಾರು 45 ಲೀಟರ್. ಮುಂದಿನ ಎರಡು ವಾರ ದಿನ ಬಿಟ್ಟು ದಿನ ಒಂದು ಬಕೀಟು, ಅಂದ್ರ ಹತ್ತು ಲೀಟರ್ ಅಷ್ಟೇ ತೆಗೆದು ಹತ್ತು ಹಾಕ್ರಿ. ಆಮ್ಯಾಲ ವಾರಕ್ಕ ಒಂದೇ ಬಕೀಟು. ಸ್ಪಾಂಜು ಹೊಲಸಾಗಿ ನೀರು ಬರೋದು ಕಡಿಮಿ ಆದಾಗ ಮಾತ್ರ, ಟ್ಯಾಂಕಿನಿಂದ ತೆಗೆದ ಅದೇ ಹಳೇ ನೀರಿನ್ಯಾಗ ಎರಡು ಸಲ ಹಿಂಡಿ ವಾಪಸ್ ಇಡ್ರಿ, ಕಂದು ಬಣ್ಣ ಪೂರ್ತಿ ಹೋಗಬೇಕಂತಿಲ್ಲ, ಹೋಗಬಾರ್ದು. ನಿಮ್ಮ ಗೆಳತ್ಯಾರು ಯಾರರ ಮನ್ಯಾಗ ವರ್ಷಗಟ್ಟಲೆ ಚಲೋ ನಡಿಯೋ ಟ್ಯಾಂಕಿದ್ರ ಅವ್ರ ಫಿಲ್ಟರಿಂದು ಒಂದು ತುಂಡು ಸ್ಪಾಂಜ್ ಹಸಿ ಹಸಿಯಾಗೇ ತಂದು ನಿಮ್ಮ ಫಿಲ್ಟರ್ನ್ಯಾಗ ತುರುಕ್ರಿ, ಬಾಟ್ಲಿಯೊಳಗ ಬರೋ ಬ್ಯಾಕ್ಟೀರಿಯಾಕ್ಕಿಂತ ಇದರ ಮ್ಯಾಲ ನನಗ ನಂಬಿಕಿ ಜಾಸ್ತಿ.

ನೀಲಿ ಔಷಧ ಟ್ಯಾಂಕಿಗೆ ಬ್ಯಾಡ್ರಿ. ಅದು ಮೆಥಿಲೀನ್ ಬ್ಲೂ, ಫಂಗಸ್ಸಿಗೆ ಬ್ಯಾರೆ ಬಕೀಟಿನ್ಯಾಗ ಹಾಕಿ ಕೊಡೋದು, ಟ್ಯಾಂಕಿಗೇ ಸುರುವಿದ್ರ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾನೂ ಹೋಗ್ತಾವ, ಗಿಡಾನೂ ಹಾಳಾಗ್ತಾವ, ಗಾಜಿನ ಮೂಲಿಗೆ ಹಚ್ಚಿದ ಸಿಲಿಕಾನ್ ಕಾಯಂ ನೀಲಿ ಆಗ್ತದ. ರೋಗ ಇಲ್ದಾಗ ಔಷಧ ಯಾಕ?

ನೀರಿನ ವಿಷಯಕ್ಕ ಬರೋಣು. ಮೊದಲು ಒಂದು ಟಿಡಿಎಸ್ ಮೀಟರ್ (ನೀರಿನ್ಯಾಗ ಕರಗಿದ ಉಪ್ಪು, ಖನಿಜ ಎಷ್ಟದ ಅಂತ ತೋರಿಸೋದು) ತಗೋರಿ, ಪೆನ್ನಿನಷ್ಟಿರ್ತದ, ಒಂದೆರಡು ನೂರು ರೂಪಾಯಿ. ಬೋರ್ ನೀರು, ನಳದ ನೀರು, ಆರ್‌ಓ ಕ್ಯಾನಿನ ನೀರು ಮೂರೂ ನೋಡಿ ಬರದಿಡ್ರಿ. ಉದಾಹರಣಿಗೆ ನಿಮ್ಮ ಬೋರು 1200 ತೋರಿಸ್ತು, ಆರ್‌ಓ 60 ತೋರಿಸ್ತು ಅಂತ ತಿಳ್ಕೊರಿ, ಒಂದು ಪಾಲು ಬೋರಿಗೆ ಎರಡು ಪಾಲು ಆರ್‌ಓ ಕಲಸಿದ್ರ 440 ಆಗ್ತದ, ಗಪ್ಪಿ ಪ್ಲಾಟಿಗೆ ಇದು ಭೇಷ್ ನೀರು. ಬರೀ ಆರ್‌ಓ ನೀರು ತುಂಬೋರೂ ಅದಾರ, ಕುಡಿಯಾಕ ಚಲೋ ಇದ್ದಿದ್ದು ಮೀನಿಗೂ ಚಲೋ ಅಂತ, ಅದು ತಪ್ಪು, ಅದರಾಗ ಖನಿಜ ಇರಂಗಿಲ್ಲ, ಪಿಎಚ್ ಹಿಡಿದು ನಿಲ್ಲಿಸೋ ಶಕ್ತಿ ಇರಂಗಿಲ್ಲ, ದಿಢೀರ್ ಅಂತ ಇಳಿದುಬಿಡ್ತದ. ಇನ್ನೊಂದು, ಈಗ ನಿಮ್ಮ ಟ್ಯಾಂಕು 1200ರ ಮ್ಯಾಲ ಇದ್ರ ಒಂದೇ ದಿನಕ್ಕ 440ಕ್ಕ ಇಳಿಸಬ್ಯಾಡ್ರಿ, ಬಕೀಟು ಬಕೀಟು ಬದಲಾಯಿಸ್ಕೊಂತ ಹೋದಂಗ ತಾನೇ ಇಳೀತದ, ಮೀನಿಗೆ ಕೆಟ್ಟ ನೀರಿಗಿಂತ ಒಮ್ಮೆಲೇ ಬದಲಾದ ನೀರು ಜಾಸ್ತಿ ಹೊಡ್ತ ಕೊಡ್ತದ.

ಕಾಲುವಿ ನೀರು ನಳಕ್ಕ ಬರೋ ದಿನದಾಗ ಅದನ್ನೂ ಬಳಸಬೌದು, ಬೋರಿಗಿಂತ ಮೆತ್ತಗ ಇರ್ತದ. ಆದ್ರ ಕ್ಲೋರಿನ್ ಇರ್ತದ, ಅಗಲ ಬಾಯಿಯ ಬಕೀಟಿನ್ಯಾಗ ಒಂದು ದಿನ ಇಡ್ರಿ, ಇಲ್ಲಾ ಅಂಗಡ್ಯಾಗ ಸಿಗೋ ಆಂಟಿ ಕ್ಲೋರಿನ್ ಹನಿ ಹಾಕ್ರಿ. ಬೋರ್ ನೀರನ್ನೂ ಒಂದು ರಾತ್ರಿ ಇಟ್ಟೇ ಹಾಕ್ರಿ, ನೆಲದಿಂದ ಬರೋ ನೀರಿನ್ಯಾಗ ಆಕ್ಸಿಜನ್ ಕಡಿಮಿ ಇರ್ತದ. ಮತ್ತ ಮಾಳಿಗಿ ಮ್ಯಾಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕೈ ಸುಡೋವಂಗ ಇರ್ತದ ಅನ್ನೋದು ನಿಮಗ ಗೊತ್ತೇ ಅದ, ಅದನ್ನ ಸೀದಾ ಟ್ಯಾಂಕಿಗೆ ಬಿಟ್ಟೋರ್ನ ಎಷ್ಟು ಮಂದಿ ನೋಡೀನೋ.

ಈಗ ಮೀನು. ನೇರ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮಗ ಅಂಗಡಿಯವ್ರು ಕೊಟ್ಟ ಜೋಡಿ ಯಾವ ಲೆಕ್ಕಕ್ಕೂ ಕೂಡಂಗಿಲ್ಲ. ಗೋಲ್ಡ್ ಫಿಶ್ ತಂಪು ನೀರಿಂದು, ಚಲೋ ಬೆಳೆದ್ರ ಗೇಣುದ್ದ ಆಗ್ತದ, ಹೊಲಸು ಭಾಳ, ಹಸಿರು ಕಂಡ್ರ ತಿನ್ನೋದೇ. ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ಮೆತ್ತನ ಹುಳಿ ನೀರಿನ ಮೀನು, 20ರಿಂದ 26 ಡಿಗ್ರಿ ಒಳಗ ಖುಷಿಯಾಗಿರ್ತದ, ಅದನ್ನ ಸಿಂಧನೂರಿನ ಬೋರ್ ನೀರಿಗೆ ಬಿಟ್ರ ಹೋಗೋದೇ ಅದು, ನಿಮ್ಮ ತಪ್ಪಲ್ಲ. ಏಂಜೆಲ್ ಈಗ ಚಂದ ಕಾಣ್ತದ, ದೊಡ್ಡದಾದ ಮ್ಯಾಲ ಬಾಯಿಗೆ ಹಿಡಿಯೋ ಸಣ್ಣ ಮೀನೆಲ್ಲಾ ಅದರ ಊಟ. ಸಕ್ಕರ್ ಫಿಶ್ ಒಂದು ಅಡಿ ಮೀರಿ ಬೆಳೀತದ, ನಿಮ್ಮ ಟ್ಯಾಂಕಿನ ಅಗಲಾನೇ ಒಂದು ಅಡಿ.

ನಮ್ಮ ನೀರಿಗೆ ಹೇಳಿ ಮಾಡ್ಸಿದ ಮೀನು ಅಂದ್ರ ಗಪ್ಪಿ, ಪ್ಲಾಟಿ, ಮೋಲಿ. ಮೂರಕ್ಕೂ ಗಡಸು ನೀರು ಬೇಕು, ಮೋಲಿ ಅಂತೂ ಸಮುದ್ರದ ದಂಡಿ ಹತ್ರ ಉಪ್ಪು ನೀರು ಕಲೆತ ಕಡಿನೂ ಇರೋದು. ಗಪ್ಪಿನ ಆರೋಗ್ಯ ಇಲಾಖೆಯವ್ರು ಸೊಳ್ಳಿ ಮರಿ ತಿನ್ನಲಿ ಅಂತ ಹೊಂಡ, ಬಾವಿಗೆ ಬಿಡೋದು ಅದೇ ಜಾತಿ, ಅಷ್ಟು ಗಟ್ಟಿ ಜೀವ. ಮಂದಿ ಇದನ್ನ ಸಸ್ತಾ ಮೀನು ಅಂತ ಮೂಗು ಮುರೀತಾರ, ಆದ್ರ ಒಂದು ಗಂಡು ಗಪ್ಪಿ ಬಾಲ ಬಿಚ್ಚಿ ಹಸಿರು ಗಿಡದ ಮುಂದ ತಿರುಗೋದನ್ನ ಸಮಾಧಾನವಾಗಿ ಕೂತು ನೋಡ್ರಿ, ಆಮ್ಯಾಲ ಹೇಳ್ರಿ. ನಿಮ್ಮ ಟ್ಯಾಂಕಿಗೆ ಗಂಡು ಗಪ್ಪಿ 8ರಿಂದ 10 ಸಾಕು. ಹೆಣ್ಣು ಹಾಕಿದ್ರ ತಿಂಗಳಿಗೊಮ್ಮೆ ಮರಿ ಹಾಕ್ತಾವ, ಒಂದ್ ಸಲಕ್ಕ ಇಪ್ಪತ್ತು ಮೂವತ್ತು, ಮಕ್ಕಳಿಗೆ ಖುಷಿ, ನಿಮಗ ಆರು ತಿಂಗಳಿಗೆ ತಲಿಬ್ಯಾನಿ. ಬ್ಯಾರೆ ಬೇಕಂದ್ರ ಒಂದು ಫೈಟರ್ ಮೀನು ಒಂದೇ ಇಟ್ಟು ಟ್ಯಾಂಕ್ ತುಂಬ ಗಿಡ ಹಾಕ್ರಿ, ಅದೂ ಬಿಸಿ ತಡಕೋತದ, ಆದ್ರ ಗಪ್ಪಿ ಜೋಡಿ ಮಾತ್ರ ಬ್ಯಾಡ, ಉದ್ದ ಬಾಲ ಕಂಡ್ರ ಹರೀತದ. ಹೊಸ ಮೀನು ಮಾತ್ರ ಈಗಲೇ ತರಬ್ಯಾಡ್ರಿ, ಅಮೋನಿಯಾ ಟೆಸ್ಟ್ ಕಿಟ್ ತಂದು ಹನಿ ಹಾಕಿ ನೋಡಿ, ಎರಡು ವಾರ ಸತತ ಸೊನ್ನೆ ತೋರಿಸಿದ ಮ್ಯಾಲ ಮೂರು ನಾಲ್ಕರಂಗ ತರ್ರಿ.

ಗಿಡ ಕೊಳೀತಾವ ಅಂದ್ರಲ್ಲ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರ ನಮ್ಮಂತಾ ಕಡಿ ಮೀನು ಕಾಯೋದೇ ಗಿಡ. ಜೋರಾಗಿ ಬೆಳಿಯೋ ಗಿಡ ಅಮೋನಿಯಾನ ಸೀದಾ ತಿಂತಾವ, ಬ್ಯಾಕ್ಟೀರಿಯಾದ ದಾರಿನೂ ಕಾಯಂಗಿಲ್ಲ. ಕೊಳಿಯೋಕ ಎರಡು ಮೂರು ಕಾರಣ ಇರ್ತಾವ. ನರ್ಸರಿಯೊಳಗ ಬಹಳಷ್ಟು ಗಿಡ ಎಲಿ ನೀರಿನ ಮ್ಯಾಲ ಇಟ್ಟು ಬೆಳೆಸಿರ್ತಾರ, ನೀರಿನ್ಯಾಗ ಮುಳುಗಿಸಿದ ಕೂಡ್ಲೇ ಆ ಹಳೇ ಎಲಿ ಕರಗ್ತಾವ, ಬುಡ ಗಟ್ಟಿ ಇದ್ರ ಹೊಸ ಎಲಿ ಸಣ್ಣವು ಬರ್ತಾವ, ಅದಕ್ಕ ಗಿಡ ಕಿತ್ತು ಒಗಿಯೋಕ ಮೊದಲು ಬುಡ ಹಿಚುಕಿ ನೋಡ್ರಿ, ಮೆತ್ತಗಾಗಿ ನಾತ ಬಂದ್ರ ಒಗೀರಿ, ಗಟ್ಟಿ ಇದ್ರ ಕೊಳೆತ ಎಲಿ ಅಷ್ಟೇ ಕತ್ತರಿಸ್ರಿ. ಎರಡನೇದು, ಅನೂಬಿಯಾಸ್, ಜಾವಾ ಫರ್ನ್ ಇವಕ್ಕ ಶುಂಠಿಯಂಗ ಅಡ್ಡಕ್ಕ ಹೋಗೋ ದಪ್ಪ ದಂಟು ಇರ್ತದ, ಅದನ್ನ ಮರಳಿನ್ಯಾಗ ಹೂತ್ರ ಕೊಳೀತದ, ಕಲ್ಲಿಗೋ ಕಟ್ಟಿಗಿಗೋ ದಾರದಿಂದ ಕಟ್ಟಬೇಕು, ಬೇರು ತಾನೇ ಹಿಡ್ಕೋತದ. ಮೂರನೇದು ವಾರಕ್ಕೊಮ್ಮೆ ನೀವು ಕಿತ್ತು ತೊಳೆದು ನೆಡೋದು, ಹಿಂಗ ಮಾಡಿದ್ರ ಬದನಿ ಸಸಿನೂ ಬದುಕಂಗಿಲ್ಲ.

ಗಡಸು ನೀರಿಗೆ ನನ್ನ ಮೊದಲ ಆಯ್ಕಿ ವ್ಯಾಲಿಸ್ನೇರಿಯಾ, ರಿಬ್ಬನ್ನಿನಂಗ ಉದ್ದ ಎಲಿ. ಇದು ನೀರಿನ್ಯಾಗಿನ ಬೈಕಾರ್ಬೊನೇಟಿಂದಾನೇ ಇಂಗಾಲ ತಗೋತದ, ಅಂದ್ರ ನಮಗ ಕಾಟ ಕೊಡೋ ಗಡಸುತನಾನೇ ಇದಕ್ಕ ಊಟ. ಸ್ವಲ್ಪ ದಿನದ ಮ್ಯಾಲ ಎಲಿ ಸವರಿ ನೋಡ್ರಿ, ಬೆರಳಿಗೆ ಸಣ್ಣ ಮರಳು ಹತ್ತಿದಂಗ ಒರಟು ಅನಿಸ್ತದ, ಬೆಳಕಿಗೆ ಹಿಡಿದ್ರ ಬಿಳಿ ಪುಡಿ ಕಾಣ್ತದ, ಅದು ರೋಗ ಅಲ್ಲ, ಗಿಡ ಉಣ್ಣುವಾಗ ಎಲಿ ಮ್ಯಾಲ ಕೂತ ಸುಣ್ಣ. ಇದರ ಜೋಡಿ ಹಾರ್ನ್‌ವರ್ಟ್ ನೆಡೋದೇ ಬ್ಯಾಡ, ಮ್ಯಾಲ ತೇಲಿಬಿಡ್ರಿ, ಹೊಸ ನೀರಿಗೆ ಬಂದ ಹೊಸ್ತಾಗಿ ಮುಳ್ಳಿನಂತಾ ಎಲಿ ಉದುರಿಸ್ತದ, ಗಾಬರಿ ಆಗಬ್ಯಾಡ್ರಿ. ಹೈಗ್ರೋಫಿಲಾ, ವಿಸ್ಟೇರಿಯಾ ಇವೂ ನಮ್ಮ ದೇಶದ ಗಿಡಾನೇ, ಚಲೋ ಬರ್ತಾವ. ಕೆಂಪು ಎಲಿ ಗಿಡ, ಕಬೊಂಬಾ ಇವಕ್ಕ ಮೆತ್ತನ ನೀರು, ಸಿಓಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಎಲ್ಲಾ ಬೇಕು, ಅವನ್ನ ಬಿಟ್ಟುಬಿಡ್ರಿ. ಲೈಟು 10-12 ವ್ಯಾಟಿನ ಎಲ್‌ಇಡಿ, ದಿನಕ್ಕ 7 ತಾಸು, ಹೆಚ್ಚಿಗಿ ಬ್ಯಾಡ, ಕಿಟಕಿ ಬಿಸಿಲು ಅಂತೂ ಬೀಳಲೇಬಾರ್ದು, ನೀರು ಪಾಚಿಗಟ್ಟಿ ಹಸಿರಾಗ್ತದ, ಕಾಯ್ತದ ಬ್ಯಾರೆ.

ತಳಕ್ಕ ಬಣ್ಣದ ಕಲ್ಲು ತೆಗೀರಿ, ತುಂಗಭದ್ರಾ ಉಸುಕು ದಪ್ಪಂದು ಜರಡಿ ಹಿಡಿದು, ನೀರು ತಿಳಿ ಬರೋತನಕ ತೊಳೆದು ಎರಡು ಇಂಚು ಹಾಕ್ರಿ, ಒಮ್ಮೆಲೇ ಬ್ಯಾಡ, ಅರ್ಧ ಟ್ಯಾಂಕು ಈ ವಾರ, ಅರ್ಧ ಮೂರು ವಾರ ಬಿಟ್ಟು. ಎರಿ ಮಣ್ಣು ಬ್ಯಾಡ, ಅದು ಉಬ್ಬಿ ನೀರು ಕದಡ್ತದ, ಅದರಾಗ ಸುಣ್ಣದ ಹರಳೂ ಇರ್ತಾವ. ಅಲಂಕಾರಕ್ಕ ಮನಿ ಹಿತ್ತಲದಾಗಿನ ಶಹಾಬಾದ್ ಕಲ್ಲಿನ ತುಂಡು ಇಡೋರು ನಮ್ಮ ಕಡಿ ಭಾಳ, ಅದು ಸುಣ್ಣದ ಕಲ್ಲು, ಮಾರ್ಬಲ್ಲೂ ಅಷ್ಟೇ, ಮೊದಲೇ ಗಡಸು ಇದ್ದ ನೀರು ಇನ್ನಾ ಗಡಸಾಗ್ತದ. ಯಾವ ಕಲ್ಲಿಗೂ ಬಾತ್‌ರೂಮ್ ತೊಳಿಯೋ ಆಸಿಡ್ ಎರಡು ಹನಿ ಹಾಕಿ ನೋಡ್ರಿ, ಬುರುಗು ಎದ್ರ ಬ್ಯಾಡ. ಗುಡ್ಡದ ಗ್ರಾನೈಟ್ ಕಲ್ಲಿಗೆ ಏನೂ ಆಗಂಗಿಲ್ಲ, ಚೆನ್ನಾಗಿ ತೊಳೆದು ಇಡ್ರಿ.

ಕಾಲುವಿಯೊಳಗ, ಗದ್ದಿ ಬದಿಯೊಳಗ ಹೈಡ್ರಿಲ್ಲಾ ಪುಕ್ಕಟೆ ಸಿಗ್ತದ, ತರಬೌದಾ ಅಂತ ಬಹಳ ಮಂದಿ ಕೇಳ್ತಾರ. ಗಿಡ ಚಲೋದೇ, ಆದ್ರ ಭತ್ತಕ್ಕ ಹತ್ತಿಗೆ ಹೊಡಿಯೋ ಎಣ್ಣಿ (ಕೀಟನಾಶಕ) ಬಸಿದು ಬಂದ ನೀರಿನ್ಯಾಗ ಬೆಳೆದಿರ್ತದ, ಆ ಎಣ್ಣಿಯೊಳಗ ಕೆಲವು ಒಂದು ಹನಿ ಸಾಕು ಟ್ಯಾಂಕ್ ಖಾಲಿ ಮಾಡಾಕ. ತಂದ್ರೂ ಬ್ಯಾರೆ ಟಬ್ಬಿನ್ಯಾಗ ನೀರು ಬದಲಾಯಿಸ್ಕೊಂತ ಎರಡು ಮೂರು ವಾರ ಇಡ್ರಿ. ಹೊಲಕ್ಕ ಎಣ್ಣಿ ಹೊಡೆದು ಬಂದ ಮನಿ ಗಂಡಸ್ರು ಸ್ನಾನ ಆಗೋತನಕ ಟ್ಯಾಂಕಿಗೆ ಕೈ ಹಾಕಬಾರ್ದು, ಇದು ಹೇಳಾಕ ಚಿಲ್ಲರೆ ಅನಿಸ್ತದ, ಆದ್ರ ಹಂಗೇ ಆಗಿದ್ದು ಕಂಡೀನಿ. ಸೊಳ್ಳಿ ಸ್ಪ್ರೇನೂ ಆ ಕೋಣ್ಯಾಗ ಬ್ಯಾಡ, ಅದರಾಗಿರೋ ಪೈರೆಥ್ರಾಯ್ಡ್ ಮೀನಿಗೆ ಭಾರೀ ವಿಷ.

ಬ್ಯಾಸಗಿ. ನೀರು ಬಿಸಿಯಾದಂಗ ಅದರಾಗ ಆಕ್ಸಿಜನ್ ಹಿಡಿಯೋದು ಕಡಿಮಿ ಆಗ್ತದ, 25 ಡಿಗ್ರಿಗೆ ಒಂದು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಇದ್ದಿದ್ದು 35ಕ್ಕ 7ರ ಕೆಳಗ ಬರ್ತದ, ಮೀನಿಗೆ ಮಾತ್ರ ಆವಾಗ್ಲೇ ಜಾಸ್ತಿ ಬೇಕು. ರಾತ್ರಿ ಗಿಡಾನೂ ಆಕ್ಸಿಜನ್ ತಗೋತಾವ, ಅದಕ್ಕ ನಸುಕಿನ್ಯಾಗ ಎದ್ದು ನೋಡಿದ್ರ ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಾಯಿ ಬಿಡ್ತಿರ್ತಾವ. ಏರ್ ಪಂಪ್ ರಾತ್ರಿ ಬಂದ್ ಮಾಡೋ ರೂಢಿ ಇದ್ರ ಬಿಡ್ರಿ, ರಾತ್ರಿನೇ ಬೇಕು ಅದು.

ತಂಪು ಮಾಡಾಕ ಐಸ್ ಬ್ಯಾಡ, ಅರ್ಧ ಲೀಟರ್ ಐಸ್ ಬಾಟ್ಲಿ 45 ಲೀಟರ್ ನೀರಿನ್ಯಾಗ ಒಂದು ಡಿಗ್ರಿ ಚಿಲ್ಲರೆ ಅಷ್ಟೇ ಇಳಿಸ್ತದ, ತಾಸಿನ್ಯಾಗ ವಾಪಸ್ ಏರ್ತದ. ಗಾಜಿನ ಮುಚ್ಚಳ ತೆಗೆದು ಜಾಳಿಗಿ ಮುಚ್ಚಿ, ನೀರಿನ ಮ್ಯಾಲ ಗಾಳಿ ಸವರಿ ಹೋಗೋ ಹಂಗ ಒಂದು ಸಣ್ಣ ಫ್ಯಾನ್ ಇಡ್ರಿ. ನಮ್ಮ ಬಿಸಿಲು ಒಣ ಬಿಸಿಲು, ಮನ್ಯಾಗಿನ ಏರ್ ಕೂಲರ್ ಕೆಲಸ ಮಾಡೋದೂ ಅದಕ್ಕೇ, ಮಂಗಳೂರಾಗ ಈ ಉಪಾಯ ಇಷ್ಟು ನಡಿಯಂಗಿಲ್ಲ. 2ರಿಂದ 4 ಡಿಗ್ರಿ ಆರಾಮಾಗಿ ಇಳೀತದ.

ಆದ್ರ ಇಲ್ಲೇ ಒಂದು ಮೋಸ ಅದ, ನಮ್ಮ ಕಡಿ ಮೇ ತಿಂಗಳಾಗ ಟ್ಯಾಂಕು ಕೆಡೋದು ಬರೇ ಬಿಸಿಲಿಗಲ್ಲ, ಇದಕ್ಕ. ಫ್ಯಾನ್ ಹಚ್ಚಿದ್ರ ದಿನಕ್ಕ ಒಂದರಿಂದ ಒಂದೂವರೆ ಲೀಟರ್ ನೀರು ಆರ್ತದ, ನೀವು ಅಷ್ಟೇ ಬೋರ್ ನೀರು ತುಂಬ್ತೀರಿ. ಆರೋದು ಬರೀ ನೀರು, ಉಪ್ಪು ಸುಣ್ಣ ಎಲ್ಲಾ ಒಳಗೇ ಉಳೀತದ. ತಿಂಗಳಿಗೆ ಹೆಚ್ಚೂ ಕಡಿಮಿ ಒಂದು ಟ್ಯಾಂಕಿನಷ್ಟು ನೀರು ಆರಿ ಹೋಗಿರ್ತದ, ನೀವು ಬದಲಾಯಿಸದಿದ್ರ ಟಿಡಿಎಸ್ ಡಬಲ್ ಹತ್ರ ಬಂದಿರ್ತದ, ನೀರು ನೋಡಾಕ ಮಾತ್ರ ಕನ್ನಡಿಯಂಗ. ಗಾಜಿನ ಮ್ಯಾಲಿನ ಅಂಚಿಗೆ ಬಿಳಿ ಗೆರಿ ಬಂದಿರ್ತದಲ್ಲ, ಅದೇ ಗುರ್ತು. ಅದಕ್ಕ ನಿಯಮ ಇಟ್ಕೊರಿ: ಆರಿದ್ದಕ್ಕ ತುಂಬೋದು ಬರೀ ಆರ್‌ಓ ನೀರು, ವಾರದ ಬಕೀಟು ಬದಲಾಯಿಸೋದು ಕಲಸಿದ ನೀರು.

ಕರೆಂಟು ಹೋಗೋದರ ಬಗ್ಗೆನೂ ಹೇಳ್ಬೇಕು, ಶಕ್ತಿನಗರದಾಗ ಅಷ್ಟು ಕರೆಂಟು ತಯಾರಾದ್ರೂ ನಮ್ಮ ಮನ್ಯಾಗ ಹೋಗೋದು ತಪ್ಪಿಲ್ಲ. ಸಣ್ಣ ಏರ್ ಪಂಪು 3ರಿಂದ 5 ವ್ಯಾಟು, ಅದನ್ನ ಇನ್ವರ್ಟರ್ ಲೈನಿಗೆ ಹಾಕ್ಸ್ರಿ, ಬ್ಯಾಟರಿಗೆ ಗೊತ್ತೂ ಆಗಂಗಿಲ್ಲ. ಪಂಪಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕ್ರಿ, ಹತ್ತಿಪ್ಪತ್ತು ರೂಪಾಯಿ, ಇಲ್ಲಂದ್ರ ಕರೆಂಟು ಹೋದಾಗ ಟ್ಯಾಂಕಿನ ನೀರು ಪೈಪಿನ್ಯಾಗ ಹಿಂದಕ್ಕ ಬಂದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಹೋಗಬೌದು. ಹೀಟರ್ ಈಗ ತೆಗೆದಿಡ್ರಿ, ಡಿಸೆಂಬರ್ ಜನವರಿ ರಾತ್ರಿಗಷ್ಟೇ ಬೇಕು, 50 ವ್ಯಾಟಿಂದು ಸಾಕು, ಆ ದಿನದಾಗ ನೀರಿನ ಬಿಸಿ ಏರಿಳಿದ್ರ ಮೀನಿನ ಮೈಮ್ಯಾಲ ರವಾದಂತಾ ಬಿಳಿ ಚುಕ್ಕಿ ರೋಗ ಬರೋದು ಜಾಸ್ತಿ.

ಫುಡ್ಡು ದಿನಕ್ಕ ಎರಡು ಸಲ, ಎರಡು ನಿಮಿಷದಾಗ ತಿಂದು ಮುಗಿಸೋವಷ್ಟು, ವಾರಕ್ಕ ಒಂದು ದಿನ ಉಪಾಸ. ಮಕ್ಕಳ ಕೈಗೆ ಡಬ್ಬಿ ಕೊಡಬ್ಯಾಡ್ರಿ.

ಕಡೀಕ ಉಳಿದ ಮೀನು. ಗೋಲ್ಡ್ ಫಿಶ್, ಏಂಜೆಲ್ ಎರಡನ್ನೂ ಅಂಗಡಿಗೇ ವಾಪಸ್ ಕೊಟ್ಟು ಅಷ್ಟು ರೊಕ್ಕಕ್ಕ ಗಿಡ ಕೇಳ್ರಿ, ಒಪ್ಪೋರು ಇರ್ತಾರ. ಸಕ್ಕರ್ ಫಿಶ್ ಯಾರೂ ತಗೊಳ್ಳಿಲ್ಲ ಅಂತ ಪಾಪ ಅಂದ್ಕೊಂಡು ಕಾಲುವಿಗೋ ಕೆರಿಗೋ ಬಿಟ್ಟು ಬರಬ್ಯಾಡ್ರಿ, ಇದು ದಕ್ಷಿಣ ಅಮೆರಿಕಾದ ಮೀನು, ನಮ್ಮ ದೇಶದಾಗ ಹಿಂಗ ಬಿಟ್ಟಲ್ಲೆಲ್ಲಾ ಬೆಳೆದು ಮೀನುಗಾರರ ಬಲೆ ಹರದಾಕಕತ್ತಾವ. ದೊಡ್ಡ ಟ್ಯಾಂಕ್ ಇದ್ದೋರು ಸಿಗೋತನಕ ನಿಮ್ಮಲ್ಲೇ ಇರಲಿ, ರಾತ್ರಿ ಲೈಟು ಆರಿಸಿದ ಮ್ಯಾಲ ಒಂದು ತುಂಡು ಕುದಿಸಿದ ಸೌತಿಕಾಯಿ ಹಾಕ್ರಿ, ಉಳಿದಿದ್ದು ಮುಂಜಾನಿ ತೆಗೀರಿ. ಟಿಡಿಎಸ್ ಮೂರೂ ನೀರಿಂದು ನೋಡಿ ನಂಬರ್ ಬರದು ಕಳಸ್ರಿ, ಯಾವುದನ್ನ ಎಷ್ಟು ಕಲಸಬೇಕಂತ ಲೆಕ್ಕ ಹಾಕಿ ಹೇಳ್ತೀನಿ.